ಬರೆಯುವುದು ಕಲೋನೆಲ್, ಓದುವುದು ಕರ್ನಲ್

ಡಿಸೆಂಬರ್ ಬಂತೆಂದರೆ ಶ್ರೀರಂಗಪಟ್ಟಣದ ಕೋಟೆಯೊಳಗೆ ಶಾಲಾ ಪ್ರವಾಸದ ಬಸ್ಸುಗಳದೇ ಸಾಲು. ಮುಂದಿನ ಗಾಜಿಗೆ ಶಾಲೆಯ ಹೆಸರಿನ ಬ್ಯಾನರು, ಅದರ ಮೇಲೊಂದು ಬಾಡಿದ ಚೆಂಡುಹೂವಿನ ಹಾರ, ಕಿಟಕಿ ಸರಳುಗಳಲ್ಲಿ ಒಣಗಲು ಹಾಕಿದ ಟವೆಲ್ಲುಗಳು. ರಂಗನಾಥನ ದರ್ಶನ ಮುಗಿಸಿ, ಪೊಟ್ಟಣದ ಪುಳಿಯೋಗರೆ ತಿಂದು ಕೈ ತೊಳೆದ ಮಕ್ಕಳು ಇಬ್ಬಿಬ್ಬರಾಗಿ ಕೋಟೆಯ ಉತ್ತರದ ಗೋಡೆಯತ್ತ ನಡೆಯುತ್ತಾರೆ. ಅಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿಗೆ ಗಾರೆಯ ಕಮಾನುಗಳ ಸೆರೆಮನೆ. ಅದರ ಹೊರಗೆ ಹೆಸರಿನ ಫಲಕ.

ಇಂಗ್ಲಿಷ್ ಓದಲು ಬರುತ್ತದೆ ಎಂದು ಮೇಷ್ಟ್ರಿಂದ ಹೊಗಳಿಸಿಕೊಂಡ ಹುಡುಗನೇ ಮುಂದೆ ಬಂದು ಗಟ್ಟಿಯಾಗಿ ಓದುತ್ತಾನೆ: ‘ಕಲೋನೆಲ್ ಬೈಲೀಸ್ ಡಂಗಿಯನ್.’ ಹಿಂದೆ ನಿಂತ ದೊಡ್ಡ ಊರಿನ ಪ್ರವಾಸಿಗರಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ‘ಅದು ಕಲೋನೆಲ್ ಅಲ್ಲ ಕಣೋ, ಕರ್ನಲ್’ ಎಂದು ಇನ್ನೊಬ್ಬರು ತಿದ್ದುತ್ತಾರೆ. ಹುಡುಗ ಮತ್ತೆ ಅಕ್ಷರಗಳನ್ನು ನೋಡುತ್ತಾನೆ. ಸಿ, ಓ, ಎಲ್, ಓ, ಎನ್, ಇ, ಎಲ್. ‘ರ ಎಲ್ಲೈತೆ ಸಾ?’

ಕೇಳಬೇಕಾದ ಪ್ರಶ್ನೆ ಅದು. ಏಳು ಅಕ್ಷರಗಳಲ್ಲಿ ಎಲ್ಲೂ ಇಲ್ಲದ ‘ರ’ ಬಾಯಿಗೆ ಬಂದದ್ದಾದರೂ ಎಲ್ಲಿಂದ? ಉತ್ತರ ಹುಡುಕಿ ಹೊರಟರೆ ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿ ಮತ್ತೆ ಇದೇ ಕೋಟೆಗೆ, ಇಲ್ಲಿಂದ ಕೂಗಳತೆಯ ಪಾಂಡವಪುರಕ್ಕೆ ಬಂದು ನಿಲ್ಲುತ್ತೇವೆ. ಅಷ್ಟೇ ಅಲ್ಲ, ಆ ಹುಡುಗ ಓದಿದ್ದು ಪೂರ್ತಿ ತಪ್ಪಲ್ಲ ಎಂಬುದೂ ಗೊತ್ತಾಗುತ್ತದೆ.

ಕಂಬದಿಂದ ಹುಟ್ಟಿದ ಪದವಿ

ಮೊದಲು ಅರ್ಥ. ಕರ್ನಲ್ ಎಂಬುದು ಸೇನೆಯ ಒಂದು ದರ್ಜೆ. ನಮ್ಮ ಭೂಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್‌ಗಿಂತ ಮೇಲೆ, ಬ್ರಿಗೇಡಿಯರ್‌ಗಿಂತ ಕೆಳಗೆ. ಭುಜದ ಪಟ್ಟಿಯಲ್ಲಿ ಅಶೋಕ ಸ್ತಂಭದ ಸಿಂಹಲಾಂಛನ, ಅದರ ಜತೆ ಎರಡು ನಕ್ಷತ್ರ. ಕೊರಳಪಟ್ಟಿಯಲ್ಲಿ ಕೆಂಪು ಪಟ್ಟಿ ಕಾಣಿಸಿಕೊಳ್ಳುವುದೂ ಈ ದರ್ಜೆಯಿಂದಲೇ. ಇಂದು ಕಾಲಾಳು ಬೆಟಾಲಿಯನ್ ಒಂದರ ಮುಖ್ಯಸ್ಥ ಸಾಮಾನ್ಯವಾಗಿ ಕರ್ನಲ್. ಕೆಲವು ದಶಕಗಳ ಹಿಂದೆ ಆ ಹೊಣೆ ಲೆಫ್ಟಿನೆಂಟ್ ಕರ್ನಲ್‌ಗಳದಾಗಿತ್ತು. ಕೊಡಗಿನ ಕಾರ್ಯಪ್ಪನವರು 1942ರಲ್ಲಿ ಆ ದರ್ಜೆಯಲ್ಲಿದ್ದೇ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯ ಅಧಿಕಾರಿಯಾದರು.

ಪದದ ಬೇರು ಲ್ಯಾಟಿನ್ನಿನ ‘ಕೊಲುಮ್ನ’. ಎಂದರೆ ಕಂಬ. ಕಂಬದಂತೆ ಉದ್ದಕ್ಕೆ, ಒಬ್ಬರ ಹಿಂದೊಬ್ಬರು ಸಾಗುವ ಸೈನಿಕರ ಸಾಲಿಗೂ ಇಟಲಿಯವರು ಅದೇ ಹೆಸರು ಕೊಟ್ಟರು. ಅಂಥ ಸಾಲಿನ ತಲೆಯಲ್ಲಿ ನಡೆಯುವ ತುಕಡಿಯ ನಾಯಕ ‘ಕೊಲೊನ್ನೆಲ್ಲೊ’ ಆದ. 16ನೇ ಶತಮಾನದಲ್ಲಿ ಯುರೋಪಿನ ದೊರೆಗಳು ಸೇನೆಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿದ್ದಾಗ ಇಟಲಿಯ ಯುದ್ಧವಿದ್ಯೆಗೆ ಬೆಲೆ ಜಾಸ್ತಿಯಿತ್ತು. ವಿದ್ಯೆಯ ಜತೆಗೆ ಅದರ ಮಾತುಗಳೂ ಗಡಿ ದಾಟಿದವು.

ನೀವು ಓದುತ್ತಿರುವ ಪತ್ರಿಕೆಯ ‘ಕಾಲಂ’ ಸಹ ಅದೇ ಕಂಬದ ಮಗು. ಕನ್ನಡದಲ್ಲಿ ಅದಕ್ಕೆ ಅಂಕಣ ಎನ್ನುತ್ತೇವೆ. ನಮ್ಮ ಹಳೆಯ ಮನೆಗಳಲ್ಲಿ ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. ಆರಂಕಣದ ಮನೆ, ಎಂಟಂಕಣದ ಮನೆ ಎಂದು ಲೆಕ್ಕ ಹೇಳುತ್ತಿದ್ದುದು ಅದರಿಂದಲೇ. ಇಂಗ್ಲಿಷರು ಕಂಬವನ್ನು ಹಿಡಿದರು, ನಾವು ಕಂಬಗಳ ನಡುವಣ ಬಯಲನ್ನು ಹಿಡಿದೆವು. ವಿಷಯಕ್ಕೆ ಇದು ತೀರ ಅಗತ್ಯವಲ್ಲ, ಆದರೆ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಎರಡು ಲಕಾರ ಒಟ್ಟಿಗಿರಲಾರದೆ

ಈಗ ‘ರ’ ವಿಚಾರ. ಕೊಲೊನೆಲ್ ಎಂಬ ಮಾತನ್ನು ಬೇಗಬೇಗ ಹತ್ತು ಸಲ ಹೇಳಿ ನೋಡಿ. ನಾಲಿಗೆಯ ತುದಿ ಲಕಾರಕ್ಕೆ ಒಮ್ಮೆ ಏರಬೇಕು, ನಕಾರಕ್ಕೆ ಮತ್ತೆ ಅದೇ ಜಾಗ ಮುಟ್ಟಬೇಕು, ಮತ್ತೆ ಲಕಾರಕ್ಕೆ ಅಲ್ಲಿಗೇ ಹೋಗಬೇಕು. ಹೀಗೆ ಒಂದೇ ಪದದಲ್ಲಿ ಒಂದೇ ಧ್ವನಿ ಎರಡು ಸಲ ಬಂದಾಗ, ಎರಡರಲ್ಲಿ ಒಂದನ್ನು ಹತ್ತಿರದ ಬೇರೊಂದು ಧ್ವನಿಗೆ ಜಾರಿಸಿಬಿಡುವುದು ಮನುಷ್ಯರ ಬಾಯಿಗೆ ಎಲ್ಲೆಡೆ ಇರುವ ಅಭ್ಯಾಸ. ಫ್ರೆಂಚರು ಮೊದಲ ಲಕಾರವನ್ನು ರಕಾರ ಮಾಡಿ ‘ಕೊರೊನೆಲ್’ ಎಂದರು. ಸ್ಪೇನಿನವರೂ ಹಾಗೇ ಅಂದರು.

ಇದು ನಮಗೆ ಹೊಸದಲ್ಲ. ಮನೆಯಲ್ಲಿ ಬಟ್ಟೆ ಇಡುವ ಅಲಮಾರನ್ನೇ ನೋಡಿ. ಲ್ಯಾಟಿನ್ನಿನಲ್ಲಿ ಅದು ‘ಆರ್ಮಾರಿಯಂ’, ಎರಡು ರಕಾರ. ಪೋರ್ಚುಗೀಸರ ಬಾಯಲ್ಲಿ ಅದಕ್ಕೆ ‘ಆರ್ಮಾರಿಯೊ’ ಎಂದೂ ‘ಆಲ್ಮಾರಿಯೊ’ ಎಂದೂ ಎರಡು ರೂಪ. ಮೊದಲ ರಕಾರ ಲಕಾರಕ್ಕೆ ಜಾರಿದ ರೂಪವೇ ಹಡಗು ಹತ್ತಿ ಇಂಡಿಯಾಕ್ಕೆ ಬಂದು ಅಲ್ಮೇರಾ, ಅಲಮಾರು ಆಯಿತು. ಕರ್ನಲ್‌ನಲ್ಲಿ ಲಕಾರ ರಕಾರವಾಯಿತು, ಅಲಮಾರಿನಲ್ಲಿ ರಕಾರ ಲಕಾರವಾಯಿತು. ದಾರಿ ಒಂದೇ, ಹೊರಟ ದಿಕ್ಕು ಬೇರೆ. ನಮ್ಮ ಹಳ್ಳಿಗಳ ಹಿರಿಯರು ನಂಬರನ್ನು ‘ಲಂಬರು’ ಮಾಡಿದ್ದೂ ಇದೇ ಜಾತಿಯ ಕೆಲಸ. ನಕಾರ, ಮಕಾರ ಎರಡೂ ಮೂಗಿನ ಧ್ವನಿಗಳು, ಒಂದನ್ನು ಬಾಯಿ ಬಿಟ್ಟುಕೊಟ್ಟಿತು. ಇದನ್ನು ಹಳ್ಳಿ ಮಾತು ಎಂದು ನಗುವವರು ಫ್ರಾನ್ಸಿನ ದಂಡನಾಯಕರೂ ಅದನ್ನೇ ಮಾಡಿದರು ಎಂಬುದನ್ನು ತಿಳಿದಿರಬೇಕು.

ಇಂಗ್ಲಿಷರು ಈ ಪದವನ್ನು 16ನೇ ಶತಮಾನದ ನಡುವಿನಲ್ಲಿ ಫ್ರೆಂಚರಿಂದ ತೆಗೆದುಕೊಂಡರು. ತೆಗೆದುಕೊಂಡಾಗ ಅದರಲ್ಲಿ ರ ಇತ್ತು. ಬರೆದದ್ದೂ ರ ಹಾಕಿಯೇ, ಹೇಳಿದ್ದೂ ರ ಹಾಕಿಯೇ. ಅಲ್ಲಿಯವರೆಗೆ ಗೊಂದಲವೇನೂ ಇರಲಿಲ್ಲ.

ಕೈ ತಿದ್ದಿಕೊಂಡಿತು, ಬಾಯಿ ತಿದ್ದಿಕೊಳ್ಳಲಿಲ್ಲ

ಗೊಂದಲ ಶುರುವಾದದ್ದು ಓದಿದವರಿಂದ. ಇಟಲಿಯ ಯುದ್ಧಶಾಸ್ತ್ರದ ಪುಸ್ತಕಗಳನ್ನು ಇಂಗ್ಲಿಷಿಗೆ ತರುತ್ತಿದ್ದ ವಿದ್ವಾಂಸರಿಗೆ ಮೂಲದಲ್ಲಿ ಇರುವುದು ಲಕಾರ ಎಂದು ಕಾಣಿಸಿತು. ಮೂಲಕ್ಕೆ ನಿಷ್ಠರಾಗಬೇಕೆಂದು ಅವರು ಬರವಣಿಗೆಯಲ್ಲಿ ರ ತೆಗೆದು ಲ ಹಾಕತೊಡಗಿದರು. 17ನೇ ಶತಮಾನದ ಮಧ್ಯದ ಹೊತ್ತಿಗೆ ಆ ಕಾಗುಣಿತವೇ ನೆಲೆನಿಂತಿತು. ಆದರೆ ಸಿಪಾಯಿಗಳು, ಕುದುರೆಯವರು, ಸಂತೆಯ ಜನ ಪುಸ್ತಕ ನೋಡಿ ಮಾತಾಡುವವರಲ್ಲ. ಅವರ ಬಾಯಲ್ಲಿ ರ ಉಳಿಯಿತು. ಬರುಬರುತ್ತಾ ಮೂರು ಉಸಿರಿನ ‘ಕೊರೊನೆಲ್’ ಸವೆದು ಎರಡು ಉಸಿರಿನ ‘ಕರ್ನಲ್’ ಆಯಿತು.

ಈ ಕಾಲದಲ್ಲಿ ಇಂಗ್ಲಿಷಿನ ಇನ್ನೆಷ್ಟೋ ಪದಗಳಿಗೆ ಇಂಥದೇ ಶಸ್ತ್ರಚಿಕಿತ್ಸೆ ಆಗಿದೆ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಮೊದಲು ಬಿ ಇರಲಿಲ್ಲ, ಲ್ಯಾಟಿನ್ ಮೂಲದಲ್ಲಿದೆ ಎಂದು ಸೇರಿಸಿದರು. ‘ರಿಸೀಟ್’ ಪದದ ನಡುವೆ ಪಿ ಬಂದದ್ದೂ ಹಾಗೆಯೇ. ದ್ವೀಪವೆಂಬ ‘ಐಲೆಂಡ್’ಗೆ ಎಸ್ ಸೇರಿಸಿದ್ದಂತೂ ಶುದ್ಧ ತಪ್ಪು ತಿಳಿವಳಿಕೆಯಿಂದ. ಆ ಪದಕ್ಕೂ ಲ್ಯಾಟಿನ್ನಿಗೂ ಸಂಬಂಧವೇ ಇಲ್ಲ. ಇವತ್ತು ಪಾಂಡವಪುರದ ಹುಡುಗಿ ಬ್ಯಾಂಕಿನ ಕೌಂಟರಿನಲ್ಲಿ ‘ರಿಸಿಪ್ಟ್’ ಎಂದು ಹೇಳಿ ನಾಚಿಕೊಂಡರೆ, ಆ ನಾಚಿಕೆಯ ಮೂಲ ನಾನೂರು ವರ್ಷ ಹಿಂದಿನ ಲಂಡನ್ ಪಂಡಿತರ ಮೇಜಿನ ಮೇಲಿದೆ.

ಎಲ್ಲ ಕಡೆಯೂ ಬಾಯಿ ಮಣಿಯಲಿಲ್ಲವೆಂದಲ್ಲ. ತಪ್ಪು ಎಂಬರ್ಥದ ‘ಫಾಲ್ಟ್’ ಪದಕ್ಕೂ ಲಕಾರವನ್ನು ಆಮೇಲೆ ಸೇರಿಸಿದ್ದೇ. ಅಲ್ಲಿ ಜನ ಅದನ್ನು ಉಚ್ಚರಿಸಲು ಒಪ್ಪಿಕೊಂಡರು. ಕರ್ನಲ್ ವಿಷಯದಲ್ಲಿ ಒಪ್ಪಲಿಲ್ಲ. ಒಂದು ಪದ ಹೀಗೆ, ಇನ್ನೊಂದು ಹಾಗೆ ಯಾಕೆ ಎಂದರೆ ನಿಯಮವಿಲ್ಲ, ಬಳಕೆಯಷ್ಟೇ ಇದೆ. ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಒಂದೇ ಪದದ ಬಗ್ಗೆ ನಾಲ್ಕು ನಾಡುಗಳು ನಾಲ್ಕು ತೀರ್ಮಾನ ಮಾಡಿದವು. ಇಟಲಿಯವರು ಲಕಾರವನ್ನೇ ಬರೆದರು, ಲಕಾರವನ್ನೇ ಹೇಳಿದರು. ಸ್ಪೇನಿನವರು ರಕಾರ ಬರೆದು ರಕಾರವನ್ನೇ ಹೇಳಿದರು, ಇಂದಿಗೂ ಅವರಿಗೆ ಅದು ‘ಕೊರೊನೆಲ್’. ಫ್ರೆಂಚರು ರಕಾರದಿಂದ ಹಿಂದಕ್ಕೆ ಬಂದು, ಬರಹವನ್ನೂ ಬಾಯನ್ನೂ ಎರಡನ್ನೂ ತಿದ್ದಿಕೊಂಡು ‘ಕೊಲೊನೆಲ್’ ಎಂದರು. ಇಂಗ್ಲಿಷರು ಮಾತ್ರ ಬರಹ ತಿದ್ದಿಕೊಂಡು ಬಾಯನ್ನು ಹಾಗೆಯೇ ಬಿಟ್ಟರು.

ಹಾಗೆಂದು ಇಂಗ್ಲೆಂಡಿನಲ್ಲಿ ಒಮ್ಮತ ಬೇಗ ಬಂತೆಂದೂ ಅಲ್ಲ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಪದವನ್ನು ಜನ ಎರಡೇ ಉಸಿರಿನಲ್ಲಿ ‘ಕೊಲ್‌ನೆಲ್’ ಎನ್ನುತ್ತಾರೆಂದು ದಾಖಲಿಸಿದ್ದಾನೆ, ಅಂದರೆ ಲಕಾರದೊಡನೆ. 1791ರಲ್ಲಿ ಉಚ್ಚಾರಣೆಯ ನಿಘಂಟು ತಂದ ಜಾನ್ ವಾಕರ್ ರಕಾರದ ರೂಪ ಕೊಟ್ಟು, ಇದು ತಿದ್ದಲಾಗದ ಅಡ್ಡಾದಿಡ್ಡಿ ಪದ ಎಂದು ಕೈಚೆಲ್ಲಿದ. ರ ಪೂರ್ತಿ ಗೆದ್ದದ್ದು 19ನೇ ಶತಮಾನದಲ್ಲಿ. ಈ ಎರಡು ನಿಘಂಟುಗಳ ನಡುವಿನ ವರ್ಷಗಳಲ್ಲೇ, ಇಂಗ್ಲಿಷರು ಈ ಪದವನ್ನು ಹೇಗೆ ಹೇಳಬೇಕೆಂದು ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳದಿದ್ದಾಗಲೇ, ಒಬ್ಬ ಕರ್ನಲ್ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಬಂದ.

ಗೋಡೆಯ ಮೇಲೆ ಬೆರಳು ಕಚ್ಚಿದವನು

ಹೆಸರು ವಿಲಿಯಂ ಬೇಲಿ. ಸ್ಕಾಟ್ಲೆಂಡಿನ ಇನ್ವರ್ನೆಸ್ ಕಡೆಯವನು, ಈಸ್ಟ್ ಇಂಡಿಯಾ ಕುಂಪಣಿಯ ಮದರಾಸು ಸೇನೆಯ ಲೆಫ್ಟಿನೆಂಟ್ ಕರ್ನಲ್. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅವನ ದಂಡನ್ನು ಸುತ್ತುಗಟ್ಟಿದರು. ನೆರವಿಗೆ ಬರಬೇಕಿದ್ದ ಕುಂಪಣಿಯ ಸೇನಾನಿ ಹೆಕ್ಟರ್ ಮನ್ರೋ ಹತ್ತಿರದಲ್ಲೇ ಇದ್ದೂ ಬರಲಿಲ್ಲ. ಇಂಡಿಯಾದಲ್ಲಿ ಕುಂಪಣಿ ಅಲ್ಲಿಯವರೆಗೆ ಕಂಡಿರದ ಸೋಲು ಅದು. ಗಾಯಗೊಂಡ ಬೇಲಿಯನ್ನೂ ಉಳಿದವರನ್ನೂ ಶ್ರೀರಂಗಪಟ್ಟಣಕ್ಕೆ ತಂದರು. 1782ರ ನವೆಂಬರ್ 13ರಂದು ಬೇಲಿ ಸೆರೆಯಲ್ಲೇ ತೀರಿಕೊಂಡ. ಅದಾಗಿ ತಿಂಗಳು ತುಂಬುವುದರೊಳಗೆ ಹೈದರನೂ ತೀರಿಹೋದ.

ಈ ಯುದ್ಧವನ್ನು ನೋಡಬೇಕೆಂದರೆ ದರಿಯಾ ದೌಲತ್‌ಗೆ ಹೋಗಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಪೂರ್ತಿ ಹರಡಿಕೊಂಡಿದೆ. ಬೇಗ ದಾಟಿ ಹೋಗುವ ಚಿತ್ರವಲ್ಲ ಅದು, ಹತ್ತಿರ ನಿಂತು ನೋಡಬೇಕು. ನಡುವೆ ಚೌಕವಾಗಿ ನಿಂತ ಕೆಂಪಂಗಿಯ ಇಂಗ್ಲಿಷ್ ದಂಡು. ಚೌಕದೊಳಗೆ ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಸುತ್ತಲೂ ನುಗ್ಗಿ ಬರುವ ಕುದುರೆಗಳು, ಎತ್ತಿದ ಕತ್ತಿಗಳು, ಕೆಳಗೆ ಬಿದ್ದ ತಲೆಗಳು. ಅಷ್ಟರ ನಡುವೆ ಪಲ್ಲಕ್ಕಿಯಲ್ಲಿ ಕೂತ ಬೇಲಿ, ಬೆರಳನ್ನು ಕಚ್ಚಿಕೊಂಡಿದ್ದಾನೆ. ನಮ್ಮ ಕಡೆಯ ಚಿತ್ರಗಾರರ ಭಾಷೆಯಲ್ಲಿ ಅದು ದಿಕ್ಕು ತೋಚದವನ ಗುರುತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಆಗ ಅವನೂ ಕರ್ನಲ್ಲೇ. ತನ್ನವರ ಸೋಲಿನ ಈ ಚಿತ್ರವನ್ನು ಅಳಿಸದೆ, ಸುಣ್ಣದ ಕೆಳಗೆ ಮುಚ್ಚಿಹೋಗಿದ್ದುದನ್ನು ಅವನು ಮತ್ತೆ ಬರೆಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ.

ಬೇಲಿಯ ಹೆಸರು ಇವತ್ತು ಪಟ್ಟಣದಲ್ಲಿ ಎರಡು ಕಡೆ ಇದೆ. ಒಂದು ಸೆರೆಮನೆ. ಗೋಡೆಯಿಂದ ಹೊರಚಾಚಿದ ಕಲ್ಲು ಚಪ್ಪಡಿಗಳಲ್ಲಿ ಸರಪಳಿ ಪೋಣಿಸುವ ತೂತುಗಳು ಇನ್ನೂ ಇವೆ, ನೆಲದ ಮೇಲೊಂದು ಫಿರಂಗಿ ಮಲಗಿದೆ. ಇನ್ನೊಂದು ಗಂಜಾಮಿನ ಗುಂಬಜ್ ಪಕ್ಕದ ಸ್ಮಾರಕ, 1816ರಲ್ಲಿ ಅವನ ಸಂಬಂಧಿ ಜಾನ್ ಬೇಲಿ ಕಟ್ಟಿಸಿದ್ದು. ಅವನೂ ಲೆಫ್ಟಿನೆಂಟ್ ಕರ್ನಲ್, ಲಖನೌದಲ್ಲಿ ಕುಂಪಣಿಯ ರೆಸಿಡೆಂಟ್ ಆಗಿದ್ದವನು. ಸೋತವನ ಸ್ಮಾರಕ ಗೆದ್ದವರ ಸಮಾಧಿಯ ಮಗ್ಗುಲಲ್ಲೇ ಇದೆ. ಹೈದರ್, ಟಿಪ್ಪು ಗುಂಬಜ್‌ನೊಳಗೆ, ಬೇಲಿಯ ನೆನಪು ಹೊರಗೆ.

ಅವನ ಹೆಸರನ್ನು ನಾನು ಬೇಲಿ ಎಂದು ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಆ ಮನೆತನದ ಹೆಸರನ್ನು ಹೇಳುವುದೇ ಹಾಗೆ, ನಮ್ಮ ಹೊಲದ ಬೇಲಿಗೆ ತೀರ ಹತ್ತಿರ. ‘ಬೈಲಿ’ ಎಂದು ರೂಢಿಯಾಗಿರುವುದು ಅಕ್ಷರ ನೋಡಿ ಓದಿದ್ದರಿಂದ. ಸೆರೆಮನೆಯ ಹೆಸರನ್ನು ಬರೆಯುವಾಗ ಒಂದು ಕಾಗುಣಿತ, ಮನೆತನದ್ದು ಇನ್ನೊಂದು. ಇನ್ನು ಹುಡುಗ ‘ಡಂಗಿಯನ್’ ಎಂದು ಓದಿದ ‘ಡಂಜನ್’ ಪದದ ಕತೆಯೂ ಕಡಿಮೆಯದಲ್ಲ. ಹಳೆಯ ಫ್ರೆಂಚಿನಲ್ಲಿ ‘ದೊಂಜೊಂ’ ಎಂದರೆ ಕೋಟೆಯ ನಡುವಿನ ಎತ್ತರದ ಬುರುಜು, ಒಡೆಯನ ನೆಲೆ. ಎತ್ತರದ ಬುರುಜಿನ ಹೆಸರು ಅದರ ತಳದ ಸೆರೆಕೋಣೆಗೆ ಇಳಿದು, ಇಂಗ್ಲಿಷಿನಲ್ಲಿ ಕತ್ತಲ ನೆಲಮನೆಯ ಹೆಸರೇ ಆಗಿಹೋಯಿತು. ಮೂರು ಪದಗಳ ಆ ಹೆಸರಿನಲ್ಲಿ ಮೂರೂ ಕಂಡಂತೆ ಓದಲಾಗದವು. ಆ ಫಲಕದ ಮುಂದೆ ತೊದಲಿದ ಮಗುವಿಗೆ ಅಷ್ಟಾದರೂ ನ್ಯಾಯ ಸಲ್ಲಬೇಕು.

ಹಿರೋಡೆಯ ಬಂಡೆಗಳ ಬಳಿ

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಪಾಂಡವಪುರ. ಕುಂತಿಬೆಟ್ಟದಲ್ಲಿ ಪಾಂಡವರು ತಂಗಿದ್ದರೆಂಬ ನಂಬಿಕೆಯಿಂದ ಬಂದ ಹೆಸರು ಅದು. ಹಿಂದೆ ಊರಿಗೆ ಹಿರೋಡೆ ಎಂದು ಹೆಸರು. ಇಂಗ್ಲಿಷರ ಕಾಗದಪತ್ರಗಳಲ್ಲಿ, ರೈಲ್ವೆ ಪುಸ್ತಕದಲ್ಲಿ ಮಾತ್ರ ಅದು ‘ಫ್ರೆಂಚ್ ರಾಕ್ಸ್’. ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಪಡೆಗಳು ಬೀಡುಬಿಟ್ಟದ್ದು ಈ ಬಂಡೆಗಳ ಬಳಿ. ಪೊಳ್ಳಿಲೂರಿನಲ್ಲಿ ಬೇಲಿಯ ಎದುರು ಲಾಲಿ ಎಂಬ ಫ್ರೆಂಚ್ ಸೇನಾನಿಯ ತುಕಡಿಯೂ ಹೈದರನ ಕಡೆ ಹೋರಾಡಿತ್ತು. ಮಂಡಿಯೂರಿದ ಇಂಗ್ಲಿಷರನ್ನು ಕೊಲ್ಲದಂತೆ ತಡೆದವರಲ್ಲಿ ಫ್ರೆಂಚ್ ಅಧಿಕಾರಿಗಳೂ ಇದ್ದರು.

ಈಗ ಈ ಎರಡು ಜಾಗಗಳನ್ನು ಒಟ್ಟಿಗೆ ನೆನೆಯಿರಿ. ಪಟ್ಟಣದ ಸೆರೆಯಲ್ಲಿ ಇಂಗ್ಲಿಷ್ ಕೈದಿಗಳಲ್ಲಿ ಕೆಲವರಾದರೂ ತಮ್ಮ ನಾಯಕನ ದರ್ಜೆಯನ್ನು ರ ಹಾಕಿ ಹೇಳುತ್ತಿದ್ದಾರೆ. ಹಿರೋಡೆಯ ಬಂಡೆಗಳ ಬಳಿ ಫ್ರೆಂಚ್ ಸಿಪಾಯಿಗಳು ಅದೇ ದರ್ಜೆಯನ್ನು, ಅದೇ ಅಕ್ಷರಗಳಲ್ಲಿ ಬರೆದು, ‘ಕೊಲೊನೆಲ್’ ಎಂದು ಲ ಹಾಕಿ ಹೇಳುತ್ತಿದ್ದಾರೆ. ನಡುವೆ ಇರುವುದು ಒಂದೆರಡು ಗಂಟೆಯ ನಡಿಗೆಯ ದೂರ. ಇಂದು ಪಾಂಡವಪುರದ ಶಾಲೆಯಿಂದ ಬಂದ ಹುಡುಗ ಅದನ್ನು ‘ಕಲೋನೆಲ್’ ಎಂದು ಓದಿದರೆ, ತನ್ನೂರಿನ ಬಂಡೆಗಳ ಬಳಿ ಇನ್ನೂರ ನಲವತ್ತು ವರ್ಷದ ಹಿಂದೆ ಕೇಳಿಬರುತ್ತಿದ್ದ ಉಚ್ಚಾರಣೆಗೆ ಹತ್ತಿರದಲ್ಲೇ ಇದ್ದಾನೆ. ಇಂಗ್ಲಿಷಿನ ಮಟ್ಟಿಗೆ ಅದು ತಪ್ಪು, ನಿಜ. ಆ ತಪ್ಪಿನಲ್ಲಿ ದಡ್ಡತನವಿಲ್ಲ.

ಸೀರಂಗಪಟ್ಣ ಮತ್ತು ಸೆರಿಂಗಪಟಂ

ಕಿವಿಗೆ ಬಿದ್ದದ್ದನ್ನು ತಮಗೆ ಬಂದಂತೆ ಮಾಡಿಕೊಂಡದ್ದು ಒಂದು ಕಡೆಯವರಲ್ಲ. ಇಂಗ್ಲಿಷರು ಶ್ರೀರಂಗಪಟ್ಟಣವನ್ನು ‘ಸೆರಿಂಗಪಟಂ’ ಮಾಡಿದರು. ಶಕಾರಕ್ಕೆ ರಕಾರ ಒತ್ತಿ ಬರುವಲ್ಲಿ ನಡುವೆ ಒಂದು ಸ್ವರ ತುರುಕಿ ಬಿಡಿಸಿಕೊಂಡರು. ಕೊನೆಯ ಮಕಾರ ಮದರಾಸಿನ ಕಡೆಯಿಂದ ಬಂದದ್ದು. ವಿಶಾಖಪಟ್ಟಣ, ಮಚಲೀಪಟ್ಟಣಗಳನ್ನೂ ಅವರು ಅದೇ ಅಚ್ಚಿನಲ್ಲಿ ಎರೆದರು. ಆ ರೂಪ ಜಗತ್ತು ಸುತ್ತಿತು. 1868ರಲ್ಲಿ ವಿಲ್ಕಿ ಕಾಲಿನ್ಸ್ ಬರೆದ ಹೆಸರಾಂತ ಪತ್ತೇದಾರಿ ಕಾದಂಬರಿ ‘ದ ಮೂನ್‌ಸ್ಟೋನ್’ ಆರಂಭವಾಗುವುದೇ ಸೆರಿಂಗಪಟಂ ಮುತ್ತಿಗೆಯಿಂದ.

ಆದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲೂ ಹಿರಿಯರು ಹೇಳುವುದು ‘ಸೀರಂಗಪಟ್ಣ’ವೇ. ಅವರೂ ಆ ಒತ್ತನ್ನು ಬಿಟ್ಟಿದ್ದಾರೆ. ಇಂಗ್ಲಿಷರ ಕಿವಿಗೆ ಮೊದಲು ಬಿದ್ದದ್ದು ಶಾಸನದ ಶ್ರೀರಂಗಪಟ್ಟಣವಾಗಿರದೆ, ಎತ್ತಿನ ಗಾಡಿಯವನ ಬಾಯಿಯ ಸೀರಂಗಪಟ್ಣವೇ ಆಗಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಾವೂ ಅವರ ಮಾತನ್ನು ಬಿಟ್ಟವರಲ್ಲ. ಕಂಪನಿ ಕುಂಪಣಿಯಾಯಿತು, ಕ್ಯಾಪ್ಟನ್ ಕಪ್ತಾನನಾದ. ಉತ್ತರದ ಕಡೆ ಕರ್ನಲ್ ‘ಕರ್ನೈಲ್’ ಆದ, ಜನರಲ್ ‘ಜರ್ನೈಲ್’ ಆದ. ಪಂಜಾಬಿನಲ್ಲಿ ಮಕ್ಕಳಿಗೆ ಆ ಹೆಸರುಗಳನ್ನೇ ಇಟ್ಟರು, ಕರ್ನೈಲ್ ಸಿಂಗ್, ಜರ್ನೈಲ್ ಸಿಂಗ್ ಎಂದು. ಅಕ್ಷರ ನೋಡದೆ ಕಿವಿಯಿಂದಲೇ ಪದ ಹಿಡಿದ ಆ ಜನ ರ ತಪ್ಪಿಸಲಿಲ್ಲ ಎಂಬುದನ್ನು ಗಮನಿಸಿ. ಓದು ಬಾರದವರು ಈ ಪದವನ್ನು ಸರಿಯಾಗಿ ಹೇಳಿದರು. ಎಡವಿದ್ದು ಆಮೇಲೆ, ಪುಸ್ತಕ ಹಿಡಿದವರು.

ಹಾಗಾದರೆ ಹೇಳುವುದು ಹೇಗೆ?

ಕನ್ನಡದಲ್ಲಿ ‘ಕರ್ನಲ್’ ಎಂದು ಬರೆದು ಹಾಗೆಯೇ ಓದಿದರೆ ಸಾಕು, ಎಲ್ಲಿಯೂ ಅರ್ಥವಾಗುತ್ತದೆ. ಒತ್ತು ಮೊದಲ ಅಕ್ಷರದ ಮೇಲೆ. ಎರಡನೆಯದು ಮೆಲ್ಲಗೆ, ‘ನಲ್’ ಅಥವಾ ‘ನ್‌ಲ್’ ಎನ್ನುವಷ್ಟು ಸಣ್ಣಗೆ. ‘ಕರ್ನಾಲ್’ ಎಂದು ಎಳೆಯುವುದು ಬೇಡ, ಅದು ಹರಿಯಾಣದ ಒಂದು ಊರು. ಲಂಡನ್ ಕಡೆಯವರು ರ ಎಂದು ನಾಲಿಗೆ ಮಿಡಿಯುವುದಿಲ್ಲ, ಆ ಜಾಗದಲ್ಲಿ ಸ್ವರವನ್ನೇ ಉದ್ದ ಮಾಡುತ್ತಾರೆ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದವರ ಬಾಯಲ್ಲಿ ರ ಕೇಳಿಸುತ್ತದೆ. ನಮ್ಮ ರ ಅವರಿಗಿಂತ ಸ್ವಲ್ಪ ಗಟ್ಟಿ. ಅದನ್ನು ಕಳೆದುಕೊಳ್ಳಲು ಯಾರೂ ಒದ್ದಾಡಬೇಕಿಲ್ಲ.

ಕಾಳು, ತಿರುಳು ಎಂಬರ್ಥದ ಇನ್ನೊಂದು ಇಂಗ್ಲಿಷ್ ಪದ ಇದೇ ಧ್ವನಿಯದು, ಕಾಗುಣಿತ ಬೇರೆ. ನಾಗಮಂಗಲ, ಕೆ.ಆರ್. ಪೇಟೆಯ ತೋಟಗಳ ತೆಂಗಿನಕಾಯಿಯೊಳಗಿನ ತಿರುಳಿಗೂ ಇಂಗ್ಲಿಷಿನಲ್ಲಿ ಕರ್ನಲ್. ಕಂಪ್ಯೂಟರಿನ ಒಳಗಿನ ಮೂಲ ತಂತ್ರಾಂಶಕ್ಕೂ ಅದೇ ಹೆಸರು. ಸೇನೆಯ ಕರ್ನಲ್‌ಗೂ ಇವಕ್ಕೂ ನಂಟಿಲ್ಲ, ಕಿವಿಗೆ ಒಂದಾಗಿ ಕೇಳುತ್ತವೆ ಅಷ್ಟೆ. ಮಕ್ಕಳಿಗೆ ನೆನಪಿಡಲು ಇದೊಂದು ಸುಲಭದ ದಾರಿ: ತೆಂಗಿನ ತಿರುಳಿನ ಪದ ಬಂದರೆ ದಂಡಿನ ಪದವೂ ಬಂದಂತೆ.

ಬೇಲಿಯ ದರ್ಜೆಯ ಇನ್ನರ್ಧ, ‘ಲೆಫ್ಟಿನೆಂಟ್’, ಇನ್ನೂ ತೊಡಕು. ಫ್ರೆಂಚಿನಲ್ಲಿ ಅದಕ್ಕೆ ಸ್ಥಾನ ಹಿಡಿದು ನಿಂತವನು, ಮೇಲಿನವನಿಲ್ಲದಾಗ ಅವನ ಪರವಾಗಿ ನಿಲ್ಲುವವನು ಎಂದು ಅರ್ಥ. ಅಕ್ಷರಗಳಲ್ಲಿ ಫಕಾರದ ಸುಳಿವೂ ಇಲ್ಲ. ಬ್ರಿಟಿಷರು ಫ ಹಾಕಿ ಹೇಳುತ್ತಾರೆ, ಅಮೆರಿಕನ್ನರು ‘ಲೂಟೆನೆಂಟ್’ ಎನ್ನುತ್ತಾರೆ. ನಮ್ಮ ಸೇನೆ ಬ್ರಿಟಿಷ್ ರೂಢಿಯನ್ನು ಉಳಿಸಿಕೊಂಡಿದೆ. ಫ ಎಲ್ಲಿಂದ ಬಂತೆಂಬುದಕ್ಕೆ ಭಾಷಾವಿದ್ವಾಂಸರು ಒಪ್ಪುವ ಒಂದೇ ಉತ್ತರವಿಲ್ಲ.

ನಗುವ ಮೊದಲು

ಕನ್ನಡದ ಮಗು ಅಕ್ಷರ ಕಲಿಯುವಾಗಲೇ ಒಂದು ನಂಬಿಕೆಯನ್ನೂ ಕಲಿಯುತ್ತದೆ: ಬರೆದದ್ದನ್ನೇ ಓದಬೇಕು, ಓದಿದ್ದನ್ನೇ ಬರೆಯಬೇಕು. ನಮ್ಮ ಲಿಪಿ ಆ ನಂಬಿಕೆಗೆ ಬಹುಪಾಲು ದ್ರೋಹ ಮಾಡುವುದಿಲ್ಲ. ಬಹುಪಾಲು ಎಂದೆ, ಯಾಕೆಂದರೆ ನಮ್ಮಲ್ಲೂ ಅಪವಾದಗಳಿವೆ. ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ. ‘ಚಿಹ್ನೆ’ ಬಾಯಲ್ಲಿ ‘ಚಿನ್ಹೆ’. ‘ಜ್ಞಾನ’ವನ್ನು ಬರೆದ ಹಾಗೆ, ಜಕಾರದಿಂದ ಹೇಳುವವರು ಎಷ್ಟು ಜನ ಸಿಕ್ಕಾರು? ಈ ಪದಗಳನ್ನು ನಾವು ಕಣ್ಣಿನಿಂದ ಕಲಿಯಲಿಲ್ಲ, ಮನೆಯವರ ಬಾಯಿಂದ ಕಲಿತೆವು. ಹಾಗಾಗಿ ತೊಡಕು ಅನ್ನಿಸಲೇ ಇಲ್ಲ.

ಇಂಗ್ಲಿಷ್ ನಮ್ಮ ಹಳ್ಳಿಯ ಮಗುವಿಗೆ ಬರುವುದು ಕಣ್ಣಿನ ಮೂಲಕ. ಕಪ್ಪುಹಲಗೆ, ಪಠ್ಯಪುಸ್ತಕ, ಫಲಕ. ಮನೆಯಲ್ಲಿ ಅದನ್ನು ಆಡುವವರಿಲ್ಲ. ಪಟ್ಟಣದ ಮಗು ಕರ್ನಲ್ ಎಂಬುದನ್ನು ಸಿನಿಮಾದಲ್ಲೋ ಟಿ.ವಿ.ಯಲ್ಲೋ ಕೇಳಿ ಆಮೇಲೆ ಓದುತ್ತದೆ, ಹಳ್ಳಿಯ ಮಗು ಮೊದಲು ಓದುತ್ತದೆ. ವ್ಯತ್ಯಾಸ ಬುದ್ಧಿಯದಲ್ಲ, ಕಿವಿಗೆ ಸಿಕ್ಕ ಅವಕಾಶದ್ದು. ಪಿ.ಯು.ಸಿ.ಗೆಂದು ಮೈಸೂರಿಗೆ ಹೋದ ಮಂಡ್ಯದ ಹುಡುಗ ಹುಡುಗಿಯರು ಒಂದು ಪದ ತಪ್ಪಾಗಿ ಹೇಳಿ, ಆ ನಗುವಿಗೆ ಹೆದರಿ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿಬಿಡುವುದುಂಟು. ಒಂದು ಪದದ ಉಚ್ಚಾರಣೆಗೆ ಇಷ್ಟು ದೊಡ್ಡ ಬೆಲೆ ಕೊಡಿಸುವುದು ಅನ್ಯಾಯ. ಆ ಪದವನ್ನು ಜಾನ್ಸನ್ ಒಂದು ರೀತಿ, ವಾಕರ್ ಇನ್ನೊಂದು ರೀತಿ ಬರೆದಿಟ್ಟಿದ್ದರು ಎಂಬುದು ನಗುವವರಿಗೆ ಗೊತ್ತಿರುವುದಿಲ್ಲ.

ಈ ಸೀಮೆಯಲ್ಲಿ ಇಂಗ್ಲಿಷಿಗೆ ಹೆದರದವರ ಪರಂಪರೆಯೂ ಇದೆ. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಪ್ರಬಂಧಕಾರ ಎ.ಎನ್. ಮೂರ್ತಿರಾಯರು ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳು, ಇಬ್ಬರೂ ಕನ್ನಡವನ್ನು ಬೆಳೆಸಿದವರು.

ಮೇಷ್ಟ್ರುಗಳು ಮಾಡಬಹುದಾದ ಕೆಲಸ ಸಣ್ಣದು. ಹೊಸ ಇಂಗ್ಲಿಷ್ ಪದವನ್ನು ಹಲಗೆಯ ಮೇಲೆ ಬರೆಯುವ ಮೊದಲು ಮೂರು ಸಲ ಬಾಯಲ್ಲಿ ಹೇಳುವುದು, ಮಕ್ಕಳಿಂದ ಹೇಳಿಸುವುದು, ಆಮೇಲೆ ಬರೆಯುವುದು. ಬರೆದ ಮೇಲೆ ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ಧ್ವನಿ ಬರೆಯುವುದು. ಕೆಲವು ಶಾಲೆಗಳಲ್ಲಿ ಇದನ್ನು ಕೀಳೆಂದು ಬಿಡಿಸುತ್ತಾರೆ, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕು ಎಂಬ ಹಟ. ಕನ್ನಡ ಲಿಪಿಯಷ್ಟು ಚೆನ್ನಾಗಿ ಧ್ವನಿ ತೋರಿಸುವ ಸಾಧನ ಮಗುವಿನ ಕೈಯಲ್ಲೇ ಇರುವಾಗ ಅದನ್ನು ಕಸಿದುಕೊಳ್ಳುವುದು ಯಾಕೆಂದು ನನಗೆ ಅರ್ಥವಾಗಿಲ್ಲ. ಈಗ ಮೊಬೈಲಿನ ನಿಘಂಟುಗಳಲ್ಲಿ ಸ್ಪೀಕರಿನ ಗುರುತು ಒತ್ತಿದರೆ ಪದ ಮಾತಾಡುತ್ತದೆ. ಒಂದು ಗುಂಡಿ ಬ್ರಿಟಿಷರದು, ಒಂದು ಅಮೆರಿಕನ್ನರದು. ಕರ್ನಲ್ ಪದಕ್ಕೆ ಎರಡನ್ನೂ ಒತ್ತಿಸಿ, ರ ಎಲ್ಲಿ ಕೇಳುತ್ತದೆ, ಎಲ್ಲಿ ಕೇಳುವುದಿಲ್ಲ ಎಂದು ಮಕ್ಕಳನ್ನೇ ಕೇಳಬಹುದು.